ಹೊಸಬರ ಕೈಹಿಡಿಯುವುದೂ ಅಭ್ಯಾಸ ಬೋಧನೆಯೇ

ಬಿ.ಇಡಿ. ಒಂದು ವರ್ಷದ ಕೋರ್ಸಾಗಿದ್ದ ಕಾಲದಲ್ಲಿ ನಮ್ಮ ಬಹುತೇಕ ಕಾಲೇಜುಗಳಲ್ಲಿ ‘ಹಿರಿಯ ವಿದ್ಯಾರ್ಥಿ’ ಎಂಬುವರೇ ಇರಲಿಲ್ಲ. ಒಂದು ತಂಡ ಪರೀಕ್ಷೆ ಮುಗಿಸಿ ಹೊರಟ ಮೇಲೆ ಇನ್ನೊಂದು ತಂಡ ಒಳಗೆ ಬರುತ್ತಿತ್ತು. ಎನ್‌ಸಿಟಿಇಯ 2014ರ ನಿಯಮಾವಳಿಯಂತೆ 2015-16ರಿಂದ ಕೋರ್ಸು ಎರಡು ವರ್ಷದ್ದಾಯಿತು. ಅದರೊಂದಿಗೆ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಬಂದದ್ದನ್ನು ಎಲ್ಲರೂ ಗಮನಿಸಿದೆವು. ಎರಡು ತಂಡಗಳು ಒಂದೇ ಕಟ್ಟಡದಲ್ಲಿ ಜೊತೆಯಾಗಿ ಇರತೊಡಗಿದ್ದನ್ನು ಅಷ್ಟಾಗಿ ಗಮನಿಸಲಿಲ್ಲ. ಈಗಲೂ ಎಷ್ಟೋ ಕಡೆ ಹಿರಿಯರ ಮತ್ತು ಕಿರಿಯರ ಸಂಬಂಧ ಸ್ವಾಗತ ಸಮಾರಂಭದಲ್ಲಿ ಶುರುವಾಗಿ ಬೀಳ್ಕೊಡುಗೆಯ ಊಟದಲ್ಲಿ ಮುಗಿಯುತ್ತದೆ.

ಹೊಸದಾಗಿ ವಿಶ್ವವಿದ್ಯಾಲಯಕ್ಕೆ ಸೇರಿದವರಿಗೆ ದಾರಿ ತೋರುವ ಕೆಲಸವನ್ನು ನಾವು ಸಾಮಾನ್ಯವಾಗಿ ಎನ್ನೆಸ್ಸೆಸ್ ಶಿಬಿರದಂತೆ ಸೇವೆಯ ಪಟ್ಟಿಗೆ ಸೇರಿಸುತ್ತೇವೆ. ಅದು ಬೋಧನಾಭ್ಯಾಸದ ಪಟ್ಟಿಗೆ ಸೇರಬೇಕು ಎಂಬುದು ಈ ಲೇಖನದ ವಾದ. ಪಾಠಕ್ಕೆ ಇರುವಂತೆ ಅದಕ್ಕೂ ಯೋಜನೆ, ಅವಲೋಕನ, ಹಿಮ್ಮಾಹಿತಿ ಇದ್ದರೆ ಮಾರ್ಗದರ್ಶಿಯಲ್ಲಿ ನಾಯಕತ್ವವೂ ವೃತ್ತಿಗೆ ಬೇಕಾದ ಕೌಶಲಗಳೂ ಬೆಳೆಯುತ್ತವೆ. ಇಲ್ಲದಿದ್ದರೆ ‘ಮೆಂಟರ್’ ಎಂದು ಬರೆದ ಬ್ಯಾಡ್ಜು ಮಾತ್ರ ಉಳಿಯುತ್ತದೆ.

ಮೊದಲು ಹೊಸಬರ ಕಡೆಯಿಂದ ನೋಡೋಣ. ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತಿದ ಮೊದಲಿಗರು ನಮ್ಮ ತರಗತಿಗಳಲ್ಲಿ ಅನೇಕರಿದ್ದಾರೆ. ಅವರಿಗೆ ವಿಷಯ ಕಷ್ಟವಾಗುವುದಕ್ಕಿಂತ ಮೊದಲೇ ವ್ಯವಸ್ಥೆ ಕಷ್ಟವಾಗುತ್ತದೆ. ಯುಯುಸಿಎಂಎಸ್‌ನಲ್ಲಿ ಪರೀಕ್ಷಾ ಅರ್ಜಿ ತುಂಬುವುದು, ಎಸ್‌ಎಸ್‌ಪಿ ತಂತ್ರಾಂಶದಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು, ಕ್ರೆಡಿಟ್ ಎಂದರೇನು, ಆಂತರಿಕ ಅಂಕ ಯಾವುದಕ್ಕೆ ಸಿಗುತ್ತದೆ, ಹಾಜರಾತಿ ಕಡಿಮೆಯಾದರೆ ಯಾರನ್ನು ಕೇಳಬೇಕು: ಇವು ಯಾವ ಪಠ್ಯಕ್ರಮದಲ್ಲೂ ಇಲ್ಲದ ಪಾಠಗಳು. ಅಪ್ಪ, ಅಣ್ಣ ಕಾಲೇಜಿಗೆ ಹೋಗಿದ್ದ ಮನೆಯ ಹುಡುಗನಿಗೆ ಇವು ಊಟದ ಹೊತ್ತಿನ ಮಾತಿನಲ್ಲೇ ಗೊತ್ತಾಗಿರುತ್ತವೆ. ಉಳಿದವರು ನೋಟಿಸ್ ಬೋರ್ಡಿನ ಮುಂದೆ ನಿಲ್ಲುತ್ತಾರೆ, ಅರ್ಥವಾಗದಿದ್ದರೆ ಸುಮ್ಮನಾಗುತ್ತಾರೆ. ಕೊನೆಯ ದಿನಾಂಕ ದಾಟಿದರೆ ವಿದ್ಯಾರ್ಥಿವೇತನ ತಪ್ಪುತ್ತದೆ. ವಿದ್ಯಾರ್ಥಿವೇತನ ತಪ್ಪಿದ ಎಷ್ಟೋ ಮನೆಗಳಲ್ಲಿ ಮುಂದಿನ ಮಾತು ಓದು ಬಿಡಿಸುವುದರ ಬಗ್ಗೆಯೇ ಇರುತ್ತದೆ. ಒಂದು ವರ್ಷ ಮುಂದಿರುವವರು ಐದು ನಿಮಿಷದಲ್ಲಿ ಹೇಳಬಹುದಾದ ಮಾತಿಗೆ ಇಷ್ಟು ಬೆಲೆಯಿದೆ.

ಇದಕ್ಕೆ ಹೊಸ ಯೋಜನೆಯನ್ನೇನೂ ಹುಡುಕಬೇಕಾಗಿಲ್ಲ. ರ‍್ಯಾಗಿಂಗ್ ತಡೆಗಾಗಿ ಯುಜಿಸಿ 2009ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲೇ ‘ಮೆಂಟರಿಂಗ್ ಸೆಲ್’ ಇದೆ. ಸ್ವಇಚ್ಛೆಯಿಂದ ಮುಂದೆ ಬಂದ ವಿದ್ಯಾರ್ಥಿಗಳು ಮುಂದಿನ ವರ್ಷದ ಹೊಸಬರಿಗೆ ಮಾರ್ಗದರ್ಶಿಗಳಾಗಬೇಕು. ಆರು ಹೊಸಬರಿಗೆ ಒಬ್ಬ ಮಾರ್ಗದರ್ಶಿ, ಆರು ಮಾರ್ಗದರ್ಶಿಗಳಿಗೆ ಮೇಲಿನ ಹಂತದ ಒಬ್ಬ ಮಾರ್ಗದರ್ಶಿ. 2019ರಲ್ಲಿ ಬಂದ ಯುಜಿಸಿಯ ‘ದೀಕ್ಷಾರಂಭ’ ಕೈಪಿಡಿಯೂ ಪ್ರವೇಶದ ಮೊದಲ ವಾರಗಳನ್ನು ಹೊಸಬರನ್ನು ಒಗ್ಗಿಸುವುದಕ್ಕೆ ಮೀಸಲಿಡಲು ಹೇಳುತ್ತದೆ. ರ‍್ಯಾಗಿಂಗ್ ತಡೆಯ ನಿಯಮದಲ್ಲಿ ಮಾರ್ಗದರ್ಶನ ಸೇರಿರುವುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಹಿರಿಯನಿಗೆ ಹೊಸಬನ ಮೇಲೆ ಒಂದು ಅಧಿಕಾರ ತಾನಾಗಿಯೇ ಬಂದಿರುತ್ತದೆ. ಅದು ಹಾಡು ಹೇಳಿಸುವ ಅಧಿಕಾರವಾಗಬಹುದು, ದಾರಿ ತೋರುವ ಹೊಣೆಯೂ ಆಗಬಹುದು.

ಹಿರಿಯ ವಿದ್ಯಾರ್ಥಿಯಿಂದ ಕಿರಿಯರಿಗೆ ಕಲಿಸುವ ಪದ್ಧತಿ ನಮ್ಮ ನೆಲಕ್ಕೆ ಹೊಸದಲ್ಲ. ಕೂಲಿಮಠಗಳಲ್ಲಿ ದೊಡ್ಡ ಹುಡುಗರು ಚಿಕ್ಕವರ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮದರಾಸಿನ ಎಗ್ಮೋರಿನ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಇಂಥ ಸ್ಥಳೀಯ ಶಾಲೆಯನ್ನು ನೋಡಿ ಆ ಕ್ರಮವನ್ನು ತನ್ನಲ್ಲಿ ಅಳವಡಿಸಿಕೊಂಡ. 1797ರಲ್ಲಿ ಲಂಡನ್ನಿನಲ್ಲಿ ಆತ ಅದರ ವರದಿ ಪ್ರಕಟಿಸಿದ ಮೇಲೆ ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಶಾಲೆಗಳಿಗೂ ಹೋಯಿತು. ಶಿಕ್ಷಣದ ಇತಿಹಾಸದ ಪತ್ರಿಕೆಗೆ ಇದನ್ನು ಓದುವಾಗ ಹೆಮ್ಮೆಯ ಜೊತೆಗೆ ಇನ್ನೊಂದು ಅಂಶವನ್ನೂ ಓದಬೇಕು. ಇಂಗ್ಲೆಂಡಿನಲ್ಲಿ ಆ ಪದ್ಧತಿ ಜನಪ್ರಿಯವಾದದ್ದು ಅದು ಅಗ್ಗವಾಗಿದ್ದರಿಂದ. ನೂರಾರು ಮಕ್ಕಳನ್ನು ಒಬ್ಬ ಶಿಕ್ಷಕನ ಸಂಬಳದಲ್ಲಿ ನಿಭಾಯಿಸಬಹುದಾಗಿತ್ತು. ಮಾನಿಟರ್ ಹುಡುಗ ಹೇಳಿಕೊಟ್ಟದ್ದನ್ನು ಹಾಗೇ ದಾಟಿಸುವ ಕೊಳವೆಯಾದ. ಇಂದು ಪ್ರವೇಶದ ವಾರದಲ್ಲಿ ಹಿರಿಯರನ್ನು ಕುರ್ಚಿ ಜೋಡಿಸಲು, ಅರ್ಜಿ ಎಣಿಸಲು ಹಚ್ಚಿ ಅದನ್ನೇ ನಾಯಕತ್ವ ತರಬೇತಿ ಎಂದು ವರದಿಯಲ್ಲಿ ಬರೆದರೆ ನಾವೂ ಅದನ್ನೇ ಮಾಡಿದಂತೆ.

ಇದಕ್ಕೆ ಹೋಲಿಸಿ ನೋಡಬೇಕಾದ ಮಾದರಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕೇಂದ್ರದಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಆರಂಭಿಸಿದ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’. ಅಲ್ಲಿ ‘ದುರ್ಬಲ ವಿದ್ಯಾರ್ಥಿ’ಗಳನ್ನು ಗುರುತಿಸುವುದಿಲ್ಲ, ಕಠಿಣ ಕೋರ್ಸುಗಳನ್ನು ಗುರುತಿಸುತ್ತಾರೆ, ಆ ಕೋರ್ಸಿಗೆ ಸೇರಿದ ಯಾರು ಬೇಕಾದರೂ ಬರಬಹುದಾದ್ದರಿಂದ ಬರುವವರಿಗೆ ಅವಮಾನವಿಲ್ಲ. ಅದೇ ಕೋರ್ಸನ್ನು ಚೆನ್ನಾಗಿ ಮುಗಿಸಿದ ವಿದ್ಯಾರ್ಥಿಯೇ ನಾಯಕ. ಅವನು ಮತ್ತೆ ತರಗತಿಯಲ್ಲಿ ಕುಳಿತು ಕೇಳುತ್ತಾನೆ, ಟಿಪ್ಪಣಿ ಮಾಡಿಕೊಳ್ಳುತ್ತಾನೆ, ಆಮೇಲೆ ಗುಂಪನ್ನು ಸೇರಿಸುತ್ತಾನೆ. ಅಲ್ಲಿ ಪಾಠವನ್ನು ಮತ್ತೆ ಮಾಡುವಂತಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಅದನ್ನು ಗುಂಪಿನ ಕಡೆಗೇ ತಿರುಗಿಸಬೇಕು. ಅವನಿಗೆ ಮೊದಲೇ ತರಬೇತಿ ಇರುತ್ತದೆ, ಮೇಲ್ವಿಚಾರಕರು ಅವನ ಅವಧಿಗಳನ್ನು ಅವಲೋಕಿಸುತ್ತಾರೆ. ಉತ್ತರ ಗೊತ್ತಿದ್ದೂ ಬಾಯಿ ಬಿಗಿಹಿಡಿಯುವುದೇ ಅಲ್ಲಿಯ ಮುಖ್ಯ ಕೌಶಲ.

ನಮ್ಮಲ್ಲಿ ಇದರ ಪರೀಕ್ಷೆ ಎಲ್ಲಿ ನಡೆಯುತ್ತದೆ ಎಂದು ಕೇಳಿದರೆ, ಹಳೆಯ ರೆಕಾರ್ಡು ಪುಸ್ತಕದಲ್ಲಿ ಎನ್ನುತ್ತೇನೆ. ಊಹಿಸಿಕೊಳ್ಳಿ: ಮೊದಲ ಸೆಮಿಸ್ಟರಿನ ಪ್ರಶಿಕ್ಷಣಾರ್ಥಿಯೊಬ್ಬಳು ಹಿರಿಯಳ ಬಳಿ ಬಂದು, “ಅಕ್ಕಾ, ನಾಳೆ ನನ್ನ ಸೂಕ್ಷ್ಮಬೋಧನೆ. ಶೋಧಕ ಪ್ರಶ್ನೆ ಕೌಶಲ. ಪಾಠಯೋಜನೆ ಹೇಗೆ ಬರೀಬೇಕೋ ಗೊತ್ತಾಗ್ತಿಲ್ಲ” ಎನ್ನುತ್ತಾಳೆ. ಸುಲಭದ ಉತ್ತರ ಎಲ್ಲರಿಗೂ ಗೊತ್ತು: “ನನ್ನ ರೆಕಾರ್ಡು ತಗೋ, ಹೆಸರು ಬದಲಾಯಿಸಿ ಬರ್ಕೋ.” ಇದನ್ನು ಪ್ರೀತಿಯಿಂದಲೇ ಹೇಳುತ್ತಾರೆ, ಪಡೆದವಳು ಕೃತಜ್ಞಳಾಗಿಯೇ ಇರುತ್ತಾಳೆ. ಆದರೆ ಒಬ್ಬಳು ಏನೂ ಕಲಿಯಲಿಲ್ಲ, ಇನ್ನೊಬ್ಬಳು ಏನೂ ಕಲಿಸಲಿಲ್ಲ. ಹೀಗೆ ಕೈಯಿಂದ ಕೈಗೆ ದಾಟಿದ ಪಾಠಯೋಜನೆಗಳು ತಪ್ಪುಗಳ ಸಮೇತ ವರ್ಷಗಟ್ಟಲೆ ಬದುಕಿರುವುದನ್ನು ರೆಕಾರ್ಡು ತಿದ್ದುವ ಪ್ರಶಿಕ್ಷಕರೆಲ್ಲ ಬಲ್ಲರು.

ಎರಡನೆಯ ದಾರಿ ಸ್ವಲ್ಪ ನಿಧಾನದ್ದು. “ಯಾವ ವಿಷಯ ಆರಿಸಿಕೊಂಡಿದ್ದೀಯ?” “ಆವಿಯಾಗುವಿಕೆ.” “ಒಣಹಾಕಿದ ಬಟ್ಟೆಯ ನೀರು ಎಲ್ಲಿ ಹೋಯ್ತು ಅಂತ ಕೇಳಿದೆ ಅಂದ್ಕೋ. ಮಗು ‘ಒಣಗಿಹೋಯ್ತು’ ಅಂದ್ರೆ ಮುಂದೆ ಏನು ಕೇಳ್ತೀಯ?” ಇಲ್ಲಿ ಒಂದು ಮೌನ ಬರುತ್ತದೆ. ಮಾರ್ಗದರ್ಶಿ ಆ ಮೌನವನ್ನು ತುಂಬಬಾರದು. ಹೊಸಬಳು ಎರಡು ಪ್ರಶ್ನೆ ತಾನೇ ಕಟ್ಟಿದ ಮೇಲೆ, ತನ್ನ ಹಳೆಯ ಯೋಜನೆಯ ಒಂದು ಪುಟ ತೋರಿಸಿ “ಇದರಲ್ಲಿ ಯಾವ ಪ್ರಶ್ನೆ ದುರ್ಬಲವಾಗಿದೆ ಹೇಳು” ಎನ್ನಬಹುದು. ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ‘ಸ್ಕ್ಯಾಫೋಲ್ಡಿಂಗ್’ ಎಂದು ಕರೆದದ್ದು ಇದನ್ನೇ. ಕಟ್ಟಡ ನಿಲ್ಲುವ ತನಕ ಸಾರುವೆ, ನಿಂತ ಮೇಲೆ ಬಿಚ್ಚಬೇಕು. ನಾವು ಇದನ್ನು ಉತ್ತರಪತ್ರಿಕೆಯಲ್ಲಿ ಹತ್ತು ಅಂಕಕ್ಕೆ ಬರೆಯುತ್ತೇವೆ. ಕಾರಿಡಾರಿನಲ್ಲಿ ಕಿರಿಯಳೊಬ್ಬಳು ಬಂದು ನಿಂತಾಗ ಅದನ್ನು ಮಾಡಿ ನೋಡುವ ಅವಕಾಶ ಸಿಗುತ್ತದೆ.

ಹಾಗಾಗಿ ಮಾರ್ಗದರ್ಶಿಗಳ ತರಬೇತಿಗೆ ಬೇರೆ ಪರಿಣತರನ್ನು ಕರೆಸಬೇಕಾಗಿಲ್ಲ. ಸೂಕ್ಷ್ಮಬೋಧನೆಯ 36 ನಿಮಿಷದ ಚಕ್ರವೇ ಸಾಕು. 6 ನಿಮಿಷ ಒಬ್ಬರು ಹೊಸಬರ ಪಾತ್ರ, ಒಬ್ಬರು ಮಾರ್ಗದರ್ಶಿಯ ಪಾತ್ರ ವಹಿಸಲಿ. 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ನಿಮಿಷ ಸಂಭಾಷಣೆ, 6 ನಿಮಿಷ ಹಿಮ್ಮಾಹಿತಿ. ಅವಲೋಕನ ಪಟ್ಟಿಯಲ್ಲಿ ಮೂರೇ ಅಂಶ ಇದ್ದರೂ ಸಾಕು: ಎಷ್ಟು ಹೊತ್ತು ಮಾರ್ಗದರ್ಶಿ ಮಾತಾಡಿದ, ಎಷ್ಟು ಪ್ರಶ್ನೆ ಕೇಳಿದ, ಹೊಸಬ ಮುಂದಿನ ಹೆಜ್ಜೆಯನ್ನು ತಾನೇ ಹೇಳಿದನೇ. ಮೊದಲ ಸುತ್ತಿನಲ್ಲಿ ಮಾರ್ಗದರ್ಶಿಯೇ ಬಹುಪಾಲು ಸಮಯ ಉಪದೇಶ ಮಾಡಿರುತ್ತಾನೆ. ಅದನ್ನು ಗಡಿಯಾರ ತೋರಿಸಿ ಹೇಳಿದಾಗ ಆಗುವ ಕಲಿಕೆ ಉಪನ್ಯಾಸದಲ್ಲಿ ಆಗುವುದಿಲ್ಲ.

ಗುಂಪು ಮಾಡುವಾಗ ಒಂದು ಎಚ್ಚರ ಬೇಕು. ‘ನಮ್ಮೂರಿನವರು’ ಎಂದು ಊರು, ಜಾತಿ, ಹಾಸ್ಟೆಲುಗಳ ಪ್ರಕಾರ ಗುಂಪು ತಾನಾಗಿ ಕೂಡಿಕೊಳ್ಳುತ್ತದೆ. ಮೊದಲ ವಾರದ ಭಯಕ್ಕೆ ಅದು ಹಿತ, ಆದರೆ ಅಲ್ಲೇ ನಿಂತರೆ ಕಾಲೇಜಿನೊಳಗೆ ಹಲವು ಊರುಗಳು ಹುಟ್ಟಿಕೊಳ್ಳುತ್ತವೆ. ಪ್ರಶಿಕ್ಷಕರೇ ಹೆಸರು ಬೆರೆಸಿ ಆರಾರು ಜನರ ಗುಂಪು ಮಾಡುವುದು ಒಳ್ಳೆಯದು. ಬೀದರಿನ ಹುಡುಗ ಹಾಸನದ ಹುಡುಗಿಯ ಮಾತನ್ನು ಎರಡು ಸಲ ಕೇಳಿ ಅರ್ಥಮಾಡಿಕೊಳ್ಳಬೇಕಾದರೆ ಅದೂ ಅಭ್ಯಾಸವೇ. ನಾಳೆ ಅವನ ತರಗತಿಯಲ್ಲಿ ಎಲ್ಲ ಮಕ್ಕಳೂ ಅವನ ಭಾಷೆಯನ್ನೇ ಆಡುವುದಿಲ್ಲ.

ಮಾರ್ಗದರ್ಶಿ ತಾನು ಏನನ್ನು ಮಾಡಬಾರದು ಎಂಬುದನ್ನೂ ತಿಳಿದಿರಬೇಕು. ಹಣ ಸಾಲ ಕೊಡಬಾರದು, ಪಾಸ್‌ವರ್ಡ್ ಇಟ್ಟುಕೊಳ್ಳಬಾರದು, ಕೇಳಿದ ಗುಟ್ಟನ್ನು ಗೆಳೆಯರಲ್ಲಿ ಹಂಚಬಾರದು. ಆದರೆ “ಯಾರಿಗೂ ಹೇಳುವುದಿಲ್ಲ” ಎಂಬ ಭಾಷೆಯನ್ನೂ ಕೊಡಬಾರದು. ಊಟ ಬಿಟ್ಟವರು, ಬದುಕೇ ಬೇಡ ಎನ್ನುವವರು, ಕಿರುಕುಳಕ್ಕೆ ಸಿಕ್ಕವರು ಎದುರಾದರೆ ಅದೇ ದಿನ ಅಧ್ಯಾಪಕರಿಗೆ ತಿಳಿಸಬೇಕು. ಟೆಲಿ ಮಾನಸ್‌ನ 14416, ರ‍್ಯಾಗಿಂಗ್ ವಿರುದ್ಧದ ಸಹಾಯವಾಣಿ 1800-180-5522 ಈ ಎರಡು ಸಂಖ್ಯೆಗಳು ಪ್ರತಿ ಮಾರ್ಗದರ್ಶಿಯ ಫೋನಿನಲ್ಲಿರಲಿ. ತನ್ನಿಂದಾಗದ್ದನ್ನು ಸರಿಯಾದವರಿಗೆ ಸಕಾಲದಲ್ಲಿ ಒಪ್ಪಿಸುವುದು ನಾಯಕತ್ವದ ದೊಡ್ಡ ಪಾಲು. ಪುಸ್ತಕಗಳಲ್ಲಿ ಅದಕ್ಕೆ ಸಿಗುವ ಜಾಗ ಕಡಿಮೆ.

ವೇಳೆಯ ತೊಡಕೊಂದಿದೆ. ಎರಡನೆಯ ವರ್ಷದವರ 16 ವಾರಗಳ ಇಂಟರ್ನ್‌ಶಿಪ್ ಸಾಮಾನ್ಯವಾಗಿ ಮೂರನೆಯ ಸೆಮಿಸ್ಟರಿನಲ್ಲಿ ಬರುತ್ತದೆ; ಹೊಸಬರು ಬರುವ ಹೊತ್ತಿಗೆ ಹಿರಿಯರು ಶಾಲೆಗಳಿಗೆ ಹೊರಟಿರುತ್ತಾರೆ. ಹಾಗಾಗಿ ಸಿಗುವ ಕೆಲವೇ ದಿನಗಳಲ್ಲಿ ಎದುರಾಎದುರು ಭೇಟಿ, ಆಮೇಲೆ ವಾರಕ್ಕೊಂದು ಶನಿವಾರದ ಫೋನ್ ಮಾತು ಎಂದು ಗೊತ್ತು ಮಾಡಿಕೊಳ್ಳಬೇಕು. ವಾಟ್ಸ್‌ಆಪ್ ಗುಂಪೊಂದನ್ನೇ ನಂಬಿದರೆ ಅದು ಎರಡನೆಯ ವಾರಕ್ಕೆ ‘ಶುಭೋದಯ’ದ ಚಿತ್ರಗಳಿಗೆ ಮೀಸಲಾಗುತ್ತದೆ.

ಇನ್ನು ವೃತ್ತಿಯ ಮಾತು. ಸರ್ಕಾರಿ ನೇಮಕಾತಿಯಲ್ಲಿ ಅಂಕಗಳೇ ಮುಖ್ಯವಾದ್ದರಿಂದ ಅಲ್ಲಿ ಇದರ ನೇರ ಲಾಭವಿಲ್ಲ. ಪ್ರಶಿಕ್ಷಣಾರ್ಥಿಗಳಿಗೆ ಇದನ್ನು ಸ್ಪಷ್ಟವಾಗಿಯೇ ಹೇಳಬೇಕು. ಖಾಸಗಿ ಶಾಲೆಯ ಸಂದರ್ಶನದ ಮಾತು ಬೇರೆ. ಅಲ್ಲಿ “ನನ್ನಲ್ಲಿ ನಾಯಕತ್ವದ ಗುಣವಿದೆ” ಎಂಬ ವಾಕ್ಯ ಎಲ್ಲರ ಸ್ವವಿವರದಲ್ಲೂ ಇರುತ್ತದೆ, ಯಾರೂ ಅದನ್ನು ಓದುವುದಿಲ್ಲ. “ಆರು ಹೊಸ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರ್ ಮಾರ್ಗದರ್ಶಿಯಾಗಿದ್ದೆ, ಒಬ್ಬರು ಮೂರನೆಯ ವಾರದಿಂದ ಬರುವುದು ನಿಲ್ಲಿಸಿದಾಗ ಮೊದಲು ಇದನ್ನು ಮಾಡಿದೆ, ಆಗಲಿಲ್ಲ, ಆಮೇಲೆ ಇದನ್ನು ಮಾಡಿದೆ” ಎಂದು ಹೇಳಬಲ್ಲವರನ್ನು ಸಂದರ್ಶಕರು ನಿಲ್ಲಿಸಿ ಮತ್ತೊಂದು ಪ್ರಶ್ನೆ ಕೇಳುತ್ತಾರೆ. ತರಗತಿ ಶಿಕ್ಷಕರ ಕೆಲಸವೂ ಇದೇ ಅಲ್ಲವೇ? ಬಾರದ ಮಗುವನ್ನು ಗಮನಿಸುವುದು, ಪೋಷಕರಿಗೆ ನೋವಾಗದಂತೆ ವಿಷಯ ಹೇಳುವುದು, ಕಚೇರಿಯ ಕಾಗದವನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದು, ಸಭೆ ನಡೆಸಿ ಅರ್ಧ ಗಂಟೆಯಲ್ಲಿ ಮುಗಿಸುವುದು.

ಹಾಗೆ ಹೇಳಬಲ್ಲವರಾಗಬೇಕಾದರೆ ಬರೆದಿಟ್ಟಿರಬೇಕು. ಪ್ರತಿ ಭೇಟಿಯ ನಂತರ ಪ್ರತಿಫಲನ ದಿನಚರಿಯಲ್ಲಿ ಐದಾರು ಸಾಲು ಸಾಕು, ಹೊಸಬರ ಹೆಸರು ಬರೆಯದೆ. ಏನು ಕೇಳಿದರು, ನಾನು ಏನು ಮಾಡಿದೆ, ಮುಂದಿನ ವಾರ ಏನು ಬದಲಿಸುತ್ತೇನೆ. ಪ್ರಶಿಕ್ಷಕರು ಹದಿನೈದು ದಿನಕ್ಕೊಮ್ಮೆ ಅದನ್ನು ಓದಿ ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಲಿ. ಅಂಕ ಮಾತ್ರ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಅಂಕ ಇಟ್ಟ ಮರುದಿನದಿಂದ ಆ ದಿನಚರಿಯೂ ಹಳೆಯ ರೆಕಾರ್ಡಿನ ಹಾಗೆ ಕೈಯಿಂದ ಕೈಗೆ ದಾಟತೊಡಗುತ್ತದೆ. ವರ್ಷದ ಕೊನೆಗೆ ಎಷ್ಟು ಜನರಿಗೆ, ಎಷ್ಟು ಭೇಟಿ, ಯಾವ ಕೆಲಸ ಎಂದು ವಿವರವಾಗಿ ಬರೆದ ಒಂದು ಪತ್ರಕ್ಕೆ ಪ್ರಾಚಾರ್ಯರ ಸಹಿ ಇದ್ದರೆ ಸಾಕು. ಮುಂದಿನ ಸಾಲಿನ ಮಾರ್ಗದರ್ಶಿಗಳನ್ನು ಆರಿಸುವಾಗ ಈ ವರ್ಷದ ಹೊಸಬರನ್ನೇ ಕೇಳಬೇಕು: ನಿಮ್ಮ ತಂಡದಲ್ಲಿ ಯಾರು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ?