ಮೀನುಗಾರರ ಹರಿಗೋಲು: ಅದರ ತಳದ ಬಾಳಿಕೆಯೂ ಸಂರಕ್ಷಣೆಯೂ

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಸುತ್ತಲಿನ ಸೀಮೆಯಲ್ಲಿ ಕೆರೆಕಟ್ಟೆಗಳೂ, ತಾಲ್ಲೂಕನ್ನು ಹಾದುಹೋಗುವ ಶಿಂಷಾ ನದಿಯ ಮಡುಗಳೂ ಬೇಸಾಯಕ್ಕಲ್ಲದೆ ಮೀನುಗಾರಿಕೆಗೂ ಆಧಾರವಾಗಿರುವುವು. ಬಲೆ ಬಿಡುವವರಿಗೆ ಇಲ್ಲಿ ದೋಣಿಯೆಂದರೆ ಹರಿಗೋಲು. ಜನರ ಮಾತಿನಲ್ಲಿ ತೆಪ್ಪ. ಬಿದಿರಿನ ದೊಡ್ಡ ಬುಟ್ಟಿಯಂತಿರುವ ಇದನ್ನು ಒಬ್ಬನೇ ಆಳು ಹೊತ್ತು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಸಾಗಿಸಬಲ್ಲನು. ಹಗುರವೂ ಅಗ್ಗವೂ ಆದ ಪದಾರ್ಥವೆಂದು ಇದರ ವಿಷಯದಲ್ಲಿ ಅಲಕ್ಷ್ಯ ಉಂಟಾಗಿರುವುದು ವಿಷಾದಕರ. ಕೆರೆಯ ನಡುವೆ ತಳ ಹರಿದರೆ ಹೋಗುವುದು ಬುಟ್ಟಿಯ ಬೆಲೆ ಮಾತ್ರವಲ್ಲ. ಬಲೆಯಲ್ಲಿ ಕಾಲು ಸಿಕ್ಕಿದವನ ಪ್ರಾಣವೂ ಹೋಗಬಹುದು.

ಹರಿಗೋಲು ನೀರಿನಲ್ಲಿ ಕೆಡುವುದಕ್ಕಿಂತ ದಡದ ಮೇಲೆ ಕೆಡುವುದೇ ಹೆಚ್ಚು. ತಳದ ಲೇಪ ಸ್ವಲ್ಪ ಸವೆದರೆ ಬಿದಿರು ನೀರನ್ನು ಹೀರುವುದು. ನೀರು ಹೀರಿದ ಹರಿಗೋಲು ಭಾರವಾಗುವುದು. ಭಾರವಾದದ್ದನ್ನು ಹೊರಲಾರದೆ ಕಲ್ಲಿನ ಮೇಲೆ ಎಳೆಯುವರು. ಎಳೆದಷ್ಟೂ ಲೇಪ ಸವೆಯುವುದು. ಈ ಸುತ್ತನ್ನು ಕಡಿಯುವುದರಲ್ಲಿ ಮೀನುಗಾರನಿಗೆ ಇರುವಷ್ಟೇ ಪಾತ್ರ ಕೆರೆಯಂಚಿನ ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ಇರುವುದು.

ಈ ಬಗೆಯ ದೋಣಿ ಬಹು ಪ್ರಾಚೀನವಾದದ್ದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸರ ಡೊಮಿಂಗೊ ಪಾಯೆಸನು, ಆನೆಗೊಂದಿಯ ಬಳಿ ಚರ್ಮ ಹೊದಿಸಿದ ದುಂಡು ಬುಟ್ಟಿಗಳಲ್ಲಿ ಹದಿನೈದಿಪ್ಪತ್ತು ಮಂದಿ ಹೊಳೆ ದಾಟುತ್ತಿದ್ದುದನ್ನು ಬರೆದಿರುವನು. ಟೈಗ್ರಿಸ್ ನದಿಯ ಜನರು ಇಂಥದೇ ಬುಟ್ಟಿಗೆ ಅಲ್ಲಿಯೇ ನೆಲದಿಂದ ಒಸರುವ ಡಾಂಬರನ್ನು ಬಳಿಯುತ್ತಿದ್ದರು. ಹಿಮಪ್ರದೇಶವಾದ ಗ್ರೀನ್‌ಲೆಂಡಿನ ಬೇಟೆಗಾರರು ಸೀಲ್ ಎಂಬ ಕಡಲಪ್ರಾಣಿಯ ಚರ್ಮದಿಂದ ಮಾಡಿದ ಕಯಾಕ್ ಎಂಬ ಕಿರುದೋಣಿಯನ್ನು ಆಗಾಗ್ಗೆ ನೀರಿನಿಂದ ತೆಗೆದು ಒಣಗಿಸಿ ಕೊಬ್ಬು ಸವರುತ್ತಿದ್ದರು. ದೇಶ ಯಾವುದಾದರೂ, ಹಗುರವಾದ ದೋಣಿಯನ್ನು ಒಣಗಿಸದೆ ಬಾಳಿಸಿದವರಿಲ್ಲ. ಈಗ ನಮ್ಮಲ್ಲಿ ಚರ್ಮದ ಸ್ಥಳಕ್ಕೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳೂ ಡಾಂಬರೂ ಬಂದಿರುವುವು.

ಮೊದಲು ಬಿದಿರಿನ ವಿಚಾರ. ಎಳೆಯ ಬಿದಿರಿನಲ್ಲಿ ಪಿಷ್ಟವು ಹೆಚ್ಚಾಗಿದ್ದು, ಅದರ ಆಸೆಗೆ ಕುಟ್ಟೆಹುಳು ಬಿದ್ದು ಒಳಗನ್ನೆಲ್ಲ ಹಿಟ್ಟು ಮಾಡುವುದು. ಮೇಲಿನ ಹೊದಿಕೆ ಸರಿಯಾಗಿಯೇ ಇದ್ದು ಒಳಗಿನ ಹೆಣಿಗೆ ಒಂದು ದಿನ ಕಾಲಿನ ಕೆಳಗೆ ಮುರಿಯುವುದು ಇದರಿಂದಲೇ. ಮೆಳೆಯುಳ್ಳ ಜಮೀನುದಾರರು ಮೂರು ನಾಲ್ಕು ವರ್ಷ ಬಲಿತ ಗಳಗಳನ್ನೇ ಮಳೆಗಾಲ ಕಳೆದ ಮೇಲೆ ಕಡಿಸಿ ಕೊಡತಕ್ಕದ್ದು. ಗಳದ ಮೇಲೆ ಬಿಳಿಯ ಪುಡಿಯೂ ಗೆಣ್ಣಿನ ಹಾಳೆಯೂ ಇನ್ನೂ ಉಳಿದಿದ್ದರೆ ಅದು ಎಳೆಯದೆಂದು ತಿಳಿಯಬೇಕು. ಕೃಷ್ಣಪಕ್ಷದಲ್ಲಿ ಕಡಿದರೆ ಹುಳು ಬೀಳದೆಂದು ಹಿರಿಯರು ಹೇಳುವರು. ಪಕ್ಷವನ್ನು ನೋಡುವವರು ನೋಡಲಿ, ಆದರೆ ಗಳದ ವಯಸ್ಸನ್ನು ನೋಡದೆ ಪಕ್ಷವೊಂದನ್ನೇ ನೋಡಿದರೆ ಪ್ರಯೋಜನವಿಲ್ಲ. ಕಡಿದ ಗಳಗಳನ್ನು ಕಲ್ಲು ಹೇರಿ ಹರಿಯುವ ನೀರಿನಲ್ಲಿ ಮೂರು ನಾಲ್ಕು ವಾರ ಮುಳುಗಿಸಿಟ್ಟರೆ ಪಿಷ್ಟವು ಬಹುಮಟ್ಟಿಗೆ ಕರಗಿಹೋಗುವುದು. ಅನಂತರ ನೆರಳಿನಲ್ಲಿ ಒಣಗಿಸಿ ಮೇದರ ಕೈಗೆ ಕೊಡುವುದು ಯುಕ್ತ.

ಮರಮುಟ್ಟುಗಳಿಗೆ ಹಾಕುವ ಔಷಧಗಳನ್ನು ಇದಕ್ಕೂ ಹಾಕಬಹುದಲ್ಲವೇ ಎಂದು ಕೆಲವರು ಕೇಳುವುದುಂಟು. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿ ಸೊಂಠಿ ಕಾಮೇಶಂ ಎಂಬವರು ಕಂಡುಹಿಡಿದ ತಾಮ್ರ, ಕ್ರೋಮಿಯಂ, ಪಾಷಾಣಗಳ ಮಿಶ್ರಣವು ಕಂಬಗಳ ರಕ್ಷಣೆಗೆ ಜಗತ್ಪ್ರಸಿದ್ಧವಾಯಿತು. ಆದರೆ ತಿನ್ನುವ ಮೀನನ್ನು ಸುರಿಯುವ ಬುಟ್ಟಿಗೆ ಪಾಷಾಣವು ಸಲ್ಲದು. ಬೋರಾಕ್ಸು ಅಷ್ಟು ಅಪಾಯಕರವಲ್ಲವಾದರೂ ನೀರಿನಲ್ಲಿ ಕರಗಿಹೋಗುವುದರಿಂದ ಹರಿಗೋಲಿಗೆ ಒದಗದು. ಬಲಿತ ಬಿದಿರು, ನೆನೆಸುವಿಕೆ, ಒಣಗಿಸುವಿಕೆ, ಇವೇ ಇಲ್ಲಿ ಸಾಕಾದ ಔಷಧ.

ಹೊದಿಕೆಗೆ ಗೊಬ್ಬರದ ಚೀಲಗಳನ್ನು ಆರಿಸುವಾಗ ಕೀಟನಾಶಕ ತಗುಲಿದವನ್ನು ಎಂದಿಗೂ ತೆಗೆದುಕೊಳ್ಳಬಾರದು. ಉಳಿದವನ್ನೂ ಕೆರೆಯಿಂದ ದೂರದಲ್ಲಿ ತೊಳೆಯತಕ್ಕದ್ದು. ಹೊಲಿಗೆಯ ಸಾಲುಗಳು ತಳದ ನಡುವೆ ಬಾರದೆ ಪಕ್ಕಗಳಿಗೆ ಬರುವಂತೆ ಹೊಲಿಯಬೇಕು. ಡಾಂಬರು ಬಳಿಯುವುದರಲ್ಲಿ ಒಂದು ದೊಡ್ಡ ತಪ್ಪು ನಡೆಯುತ್ತಿದೆ. ಕುದಿಯುವ ಡಾಂಬರನ್ನು ನೇರವಾಗಿ ಚೀಲದ ಮೇಲೆ ಸುರಿಯುವರು. ಚೀಲದ ಪ್ಲಾಸ್ಟಿಕ್ಕು ಆ ಶಾಖಕ್ಕೆ ಮೆತ್ತಗಾಗಿ ನೂಲುಗಳು ಸುಕ್ಕುಗಟ್ಟಿ ಬಲವನ್ನು ಕಳೆದುಕೊಳ್ಳುವುವು. ಮೇಲೆ ಕಪ್ಪಗೆ ಮುಚ್ಚಿರುವುದರಿಂದ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ಡಾಂಬರನ್ನು ಒಲೆಯಿಂದ ಇಳಿಸಿ, ಹರಡಲು ಬರುವಷ್ಟು ಮಾತ್ರ ಬಿಸಿ ಉಳಿದಾಗ ತೆಳುವಾಗಿ ಬಳಿದು, ಅದರ ಮೇಲೆ ಒಣಗಿದ ಗೋಣಿತಾಟನ್ನು ಒತ್ತಿ, ಮತ್ತೊಂದು ಲೇಪ ಕೊಡುವುದು ಸರಿಯಾದ ಕ್ರಮ. ಗೋಣಿಯು ಡಾಂಬರನ್ನು ಹಿಡಿದು ನಿಲ್ಲಿಸುವುದು. ಕಾಯ್ದ ಡಾಂಬರಿಗೆ ಒದ್ದೆಯಾದ ಯಾವುದೂ ತಗುಲಬಾರದು. ಹನಿ ನೀರು ಬಿದ್ದರೂ ನೊರೆಯುಕ್ಕಿ ಮೈಸುಡುವುದು. ಸೀಮೆಎಣ್ಣೆ ಬೆರೆಸುವವರು ಬೆಂಕಿಯ ಹತ್ತಿರ ಬೆರೆಸಬಾರದು. ಕಲ್ಲಿದ್ದಲಿನಿಂದ ತೆಗೆದ ಟಾರು ಚರ್ಮಕ್ಕೆ ಹಾನಿಕರವಾದ್ದರಿಂದ ರಸ್ತೆಗೆ ಬಳಸುವ ಡಾಂಬರೇ ಮೇಲು. ಒಳಮೈಗೆ ಎರಡನ್ನೂ ಬಳಿಯತಕ್ಕದ್ದಲ್ಲ.

ಇನ್ನು ದಡದ ಮಾತು. ಏರಿಯ ಕಲ್ಲುಕಟ್ಟಡದ ಮೇಲೆ ಹರಿಗೋಲನ್ನು ಎಳೆಯುವುದೇ ತಳಕ್ಕೆ ದೊಡ್ಡ ಶತ್ರು. ಏರಿಗೂ ತೂಬಿಗೂ ಕೋಡಿಗೂ ದೂರವಾಗಿ, ಕಲ್ಲಿಲ್ಲದ ಒಂದು ಜಾಗವನ್ನು ಗ್ರಾಮದವರು ಗೊತ್ತುಮಾಡಿ ಕೊಡಬೇಕು. ಕಬ್ಬಿನ ಗದ್ದೆಯಲ್ಲಿ ಸುಡುವ ಒಣತರಗಿನ ಎರಡು ಹೊರೆಯನ್ನು ಅಲ್ಲಿ ಹಾಸಿದರೆ ತಳವು ಕಲ್ಲಿಗೆ ಉಜ್ಜುವುದು ತಪ್ಪುವುದು. ಅದರ ಬಳಿಯಲ್ಲೇ ಒಂದು ಹೊಂಗೆಯ ಮರವಿದ್ದರೆ ಮತ್ತೂ ಒಳ್ಳೆಯದು; ಏಕೆಂದರೆ ಬಿಸಿಲಿನಲ್ಲಿ ಬಿಟ್ಟ ಹರಿಗೋಲಿನ ಡಾಂಬರು ಕರಗಿ ಅಂಚಿಗೆ ಇಳಿಯುವುದು, ಬಯಲಾದ ಚೀಲವು ಬಿಸಿಲಿಗೆ ಪುಡಿಯಾಗುವುದು. ನೆರಳಿನಲ್ಲಿ ಮೂರು ನಾಲ್ಕು ಕಲ್ಲುಗಳ ಮೇಲೆ ಬೋರಲು ಹಾಕಿ, ಒಂದು ಪಕ್ಕವನ್ನು ಸ್ವಲ್ಪ ಎತ್ತಿ ಗಾಳಿಯಾಡಲು ಬಿಡಬೇಕು. ನೆಲಕ್ಕೆ ತಗುಲಿಸಿ ಇಟ್ಟರೆ ಗೆದ್ದಲು ಅಂಚಿನ ಕಟ್ಟಿನಿಂದಲೇ ಹತ್ತುವುದು.

ಕೆರೆಯ ಅಂಗಳದಲ್ಲಿ ಬೆಳೆದ ಜಾಲಿಯನ್ನು ಸೌದೆಗಾಗಿ ಕಡಿಯುವವರು ಮೊಳದೆತ್ತರದ ಕೂಳೆಯನ್ನು ಬಿಟ್ಟು ಹೋಗುವರು. ಕೆರೆ ತುಂಬಿದಾಗ ಆ ಕೂಳೆಯೇ ನೀರಿನಡಿಯ ಗೂಟವಾಗಿ ತಳವನ್ನು ಸೀಳುವುದು. ಬೇಸಿಗೆಯಲ್ಲಿ ಹೂಳು ತೆಗೆಸುವಾಗ ಬೇರುಸಹಿತ ಅಗೆಸಿಬಿಟ್ಟರೆ ಅಧಿಕ ಖರ್ಚಿಲ್ಲ. ಸಣ್ಣ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿಯ ಆಡಳಿತಕ್ಕೆ ಸೇರಿರುವುದರಿಂದ, ಈ ಕೆಲಸದ ವಿಷಯವನ್ನು ಪಂಚಾಯಿತಿಯ ಗಮನಕ್ಕೆ ತರಬಹುದು.

ಈಚೆಗೆ ಗಾಜಿನ ನಾರಿನಿಂದ ಮಾಡಿದ ಫೈಬರ್ ಹರಿಗೋಲುಗಳು ಬಳಕೆಗೆ ಬಂದಿವೆ. ಇವಕ್ಕೆ ಗೆದ್ದಲಿಲ್ಲ, ಕೊಳೆಯಿಲ್ಲ. ಆದರೂ ಕಲ್ಲಿನ ಗೀರು ಆಳವಾದರೆ ನಾರಿನೊಳಕ್ಕೆ ನೀರು ಸೇರಿ ಪದರಗಳು ಬಿಡುವುವು. ಗೀರು ಬಿದ್ದ ಭಾಗವನ್ನು ಪೂರಾ ಒಣಗಿಸಿ, ಉಜ್ಜುಕಾಗದದಿಂದ ತಿಕ್ಕಿ, ಅದೇ ಜಾತಿಯ ನಾರಿನ ತೇಪೆಯನ್ನು ಅಂಟಿನಿಂದ ಕೂರಿಸಬೇಕು. ಮತ್ತೊಂದು ಮುಖ್ಯ ವಿಷಯವನ್ನು ಕೊಳ್ಳುವವರು ಅರಿತಿರಬೇಕು. ಬಿದಿರಿನ ಹರಿಗೋಲು ತಳ ಹರಿದರೂ ತೇಲುವುದು. ಅದನ್ನು ಹಿಡಿದುಕೊಂಡವನು ಬದುಕುವನು. ಫೈಬರ್ ನೀರಿಗಿಂತ ಭಾರವಾದ್ದರಿಂದ, ಗಾಳಿಯ ಗೂಡಿಲ್ಲದ ಹರಿಗೋಲು ತುಂಬಿದೊಡನೆ ಮುಳುಗುವುದು. ಅಂಥದರ ಅಂಚಿನೊಳಗೆ ಬಿಗಿಯಾಗಿ ಮುಚ್ಚಿದ ಬರಿದಾದ ಕ್ಯಾನುಗಳನ್ನು ಸುತ್ತಲೂ ಕಟ್ಟತಕ್ಕದ್ದು. ಮೀನುಗಾರನು ತೇಲುಅಂಗಿಯನ್ನೂ ತೊಡತಕ್ಕದ್ದು.

ಮಳೆಗಾಲಕ್ಕೆ ಮೊದಲು ಪ್ರತಿ ವರ್ಷವೂ ತಳವನ್ನು ಪರೀಕ್ಷಿಸುವ ಸುಲಭವಾದ ವಿಧಾನವೊಂದುಂಟು. ಒಣಗಿದ ಹರಿಗೋಲನ್ನು ನಾಲ್ಕು ಕಲ್ಲಿನ ಮೇಲೆ ನೆಟ್ಟಗೆ ಕೂರಿಸಿ, ಒಳಗೆ ಎರಡು ಮೂರು ಕೊಡ ನೀರು ಹೊಯ್ದು, ಕೆಳಗಿನಿಂದ ನೋಡಬೇಕು. ಒದ್ದೆಯಾಗಿ ಕಂಡಲ್ಲಿ ಸುಣ್ಣದಿಂದ ಗುರುತು ಹಾಕಿ, ನೀರು ಚೆಲ್ಲಿ, ಎರಡು ದಿನ ಒಣಗಲು ಬಿಟ್ಟು, ಗುರುತಿನ ಸುತ್ತ ಅಂಗೈ ಅಗಲ ಹೆಚ್ಚಾಗಿಯೇ ಗೋಣಿಯ ತೇಪೆ ಹಾಕಿ ಡಾಂಬರು ಬಳಿಯುವುದು. ಅಂಚಿನ ಕಟ್ಟು ಸಡಿಲವಾಗಿದ್ದರೆ ಮೇದರನ್ನು ಕರೆಸಿ ಆಗಲೇ ಬಿಗಿಸಬೇಕು. ಕೆರೆ ತುಂಬಿದ ಮೇಲೆ ಅವರಿಗೂ ಬಿಡುವಿರುವುದಿಲ್ಲ.