ಅಂಚೆಯಲ್ಲಿ ಹೋಗುವ ಬೆಲ್ಲಕ್ಕೆ ಎರಡು ವಹಿ

ಕೌಜಲಗಿ, ಮೂಡಲಗಿ, ಗೋಕಾಕ ಭಾಗದಲ್ಲಿ ಕಬ್ಬು ಬೆಳೆದ ರೈತರಿಗೆ ಮೊದಲಿನಿಂದಲೂ ಎರಡೇ ದಾರಿಗಳು. ಒಂದು ಸಕ್ಕರೆ ಕಾರ್ಖಾನೆ, ಇನ್ನೊಂದು ಗಾಣ. ಗಾಣದ ಬೆಲ್ಲದ ಪೆಂಟಿಗಳು ಮಹಾಲಿಂಗಪುರದಂತಹ ಪೇಟೆಗೆ ಹೋದರೆ ಲೆಕ್ಕಪತ್ರದ ಕೆಲಸ ಬಹುಮಟ್ಟಿಗೆ ದಲಾಲರ ಅಂಗಡಿಯಲ್ಲೇ ಮುಗಿಯುತ್ತಿತ್ತು. ಈಗ ಕಲಿತ ಮಕ್ಕಳು ಒಂದು ಕಿಲೋ, ಅರ್ಧ ಕಿಲೋ ಪಾಕೀಟು ಮಾಡಿ, ಮೊಬೈಲಿನಲ್ಲಿ ಗಿರಾಕಿ ಹಿಡಿದು, ಅಂಚೆ ಅಥವಾ ಕೊರಿಯರ್ ಮೂಲಕ ನೇರವಾಗಿ ಕಳಿಸುತ್ತಿದ್ದಾರೆ. ಇದು ಒಳ್ಳೆಯ ಬೆಳವಣಿಗೆ. ಆದರೆ ದಲಾಲರು ನೋಡಿಕೊಳ್ಳುತ್ತಿದ್ದ ಲೆಕ್ಕ ಈಗ ರೈತರ ಮನೆಗೇ ಬಂದಿದೆ. ಅದರ ಜೊತೆಗೆ ಗಿರಾಕಿಯ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಕಾಯುವ ಹೊಸ ಹೊಣೆಯೂ ಬಂದಿದೆ.

ಬೆಲ್ಲಕ್ಕೆ ತೆರಿಗೆ ಇದೆಯೇ?

ರೈತರು ಮೊದಲು ಕೇಳುವ ಪ್ರಶ್ನೆ ಇದು. ಗಿರಾಕಿಯ ಎದುರಿಗೆ ತೂಗಿ ಕೊಡುವ ಬಿಡಿ ಬೆಲ್ಲಕ್ಕೆ ಜಿ.ಎಸ್.ಟಿ. ಇಲ್ಲ. ಮುಂಚಿತವಾಗಿ ತೂಗಿ ಕಟ್ಟಿ, ಚೀಟಿ ಹಚ್ಚಿದ 25 ಕಿಲೋವರೆಗಿನ ಪಾಕೀಟಿಗೆ 2022ರ ಜುಲೈ 18ರಿಂದ ಶೇ. 5ರಷ್ಟು ತೆರಿಗೆ ಇದೆ. ಚೀಟಿ ಹಚ್ಚದೆ ಕಳಿಸಿದರೆ ತೆರಿಗೆ ತಪ್ಪುವುದೆಂದು ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. ತೂಕ ಮತ್ತು ಅಳತೆ ಕಾನೂನಿನ ಪ್ರಕಾರ ಯಾವ ಪಾಕೀಟಿನ ಮೇಲೆ ತೂಕ, ಬೆಲೆ, ಕಟ್ಟಿದವರ ವಿಳಾಸ ಇರಲೇಬೇಕೋ ಆ ಪಾಕೀಟಿಗೆ, ಚೀಟಿ ಇಲ್ಲದಿದ್ದರೂ, ತೆರಿಗೆ ಅನ್ವಯಿಸುತ್ತದೆ.

ರೈತರು ತಮ್ಮ ಹೊಲದ ಬೆಳೆಯನ್ನು ಮಾರಲು ಜಿ.ಎಸ್.ಟಿ. ನೋಂದಣಿ ಬೇಕಿಲ್ಲ. ಒಣಗಿಸಿದ ಮೆಣಸು ಮತ್ತು ಒಣದ್ರಾಕ್ಷಿಯನ್ನು ಬೆಳೆದ ರೈತರೇ ಮಾರಿದರೂ ನೋಂದಣಿ ಬೇಡವೆಂದು 2025ರ ಫೆಬ್ರುವರಿಯಲ್ಲಿ ಕೇಂದ್ರ ತೆರಿಗೆ ಮಂಡಳಿಯು ಸ್ಪಷ್ಟಪಡಿಸಿದೆ. ಅಥಣಿ, ವಿಜಯಪುರ ಭಾಗದ ದ್ರಾಕ್ಷಿ ಬೆಳೆಗಾರರು ಇದನ್ನು ಗಮನಿಸಬೇಕು. ಬೆಲ್ಲದ ಮಾತು ಬೇರೆ. ಕಬ್ಬು ಅರೆದು, ಹಾಲು ಕಾಯಿಸಿ ಮಾಡಿದ ಪದಾರ್ಥವನ್ನು ಹೊಲದ ಬೆಳೆ ಎಂದು ನಂಬಿ ಕೂರುವುದು ಕ್ಷೇಮವಲ್ಲ.

ಗಡಿಯ ತೊಡಕು

ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ ರೂ. 40 ಲಕ್ಷ ವಹಿವಾಟಿನವರೆಗೆ ನೋಂದಣಿ ಬೇಡ. ಇದನ್ನು ಕೇಳಿ ನಮ್ಮ ರೈತರು ನಿಶ್ಚಿಂತರಾಗುತ್ತಾರೆ. ಆದರೆ ಈ ರಿಯಾಯಿತಿ ರಾಜ್ಯದ ಒಳಗಿನ ಮಾರಾಟಕ್ಕೆ ಮಾತ್ರ. ತೆರಿಗೆಯುಳ್ಳ ಸರಕು ರಾಜ್ಯದ ಗಡಿ ದಾಟಿದರೆ ಮೊದಲನೆಯ ಪಾಕೀಟಿನಿಂದಲೇ ನೋಂದಣಿ ಕಡ್ಡಾಯ. ಬೆಂಗಳೂರಿಗೆ ನೂರು ಪಾಕೀಟು ಕಳಿಸಿದವರಿಗೆ ತೊಂದರೆಯಿಲ್ಲ, ಸಂಕೇಶ್ವರದ ಆಚೆ ಗಡಹಿಂಗ್ಲಜಕ್ಕೆ ಒಂದು ಕಳಿಸಿದವರಿಗೆ ಇದೆ. ನೆಂಟರು, ಗಿರಾಕಿಗಳು ಕೊಲ್ಹಾಪುರ, ಸಾಂಗ್ಲಿಗಳಲ್ಲಿ ಇರುವ ನಮ್ಮ ಭಾಗಕ್ಕೆ ಈ ನಿಯಮ ಕಠಿಣವೆಂದೇ ಹೇಳಬೇಕು. ಆದರೂ ನಿಯಮ ಹಾಗಿದೆ.

ಉದಾಹರಣೆಗೆ, ಒಂದು ಕುಟುಂಬವು ಒಂದು ಹಂಗಾಮಿನಲ್ಲಿ ಕಿಲೋಗೆ ರೂ. 80ರಂತೆ 3000 ಪಾಕೀಟು ಮಾರಿತೆಂದು ಇಟ್ಟುಕೊಳ್ಳೋಣ. ಒಟ್ಟು ಮಾರಾಟ ರೂ. 2,40,000. ಎಲ್ಲವೂ ಕರ್ನಾಟಕದಲ್ಲೇ ಮಾರಿದ್ದರೆ ನೋಂದಣಿಯೂ ಇಲ್ಲ, ತೆರಿಗೆಯೂ ಇಲ್ಲ. ಇವುಗಳಲ್ಲಿ ಐವತ್ತೇ ಪಾಕೀಟು ಮಹಾರಾಷ್ಟ್ರಕ್ಕೆ ಹೋಗುವುದಿದ್ದರೂ ಮೊದಲು ನೋಂದಣಿ ಆಗಬೇಕು. ನೋಂದಣಿಯಾದ ಮೇಲೆ ಆ ಐವತ್ತಕ್ಕೆ ಮಾತ್ರವಲ್ಲ, ಬೆಂಗಳೂರು, ಧಾರವಾಡಗಳಿಗೆ ಹೋದ ಪಾಕೀಟುಗಳಿಗೂ ತೆರಿಗೆ ಕಟ್ಟಬೇಕು. ಬೆಲೆಯಲ್ಲೇ ತೆರಿಗೆ ಸೇರಿದೆಯೆಂದರೆ ಪಾಕೀಟಿಗೆ ರೂ. 3.81, ಒಟ್ಟು ಸುಮಾರು ರೂ. 11,430 ಆಗುತ್ತದೆ. ಆದುದರಿಂದ ಹೊರಗಿನ ಬೇಡಿಕೆ ಬೆರಳೆಣಿಕೆಯಷ್ಟಿದ್ದರೆ ಅದನ್ನು ಬಿಡುವುದೇ ಲೇಸು. ಬೇಡಿಕೆ ನಿಜವಾಗಿಯೂ ದೊಡ್ಡದಿದ್ದರೆ ನೋಂದಣಿ ಮಾಡಿಸಿ, ತೆರಿಗೆಯನ್ನು ಬೆಲೆಯಲ್ಲಿ ಹಿಡಿದು ಮಾರಬೇಕು. ಶೇ. 1ರ ರಾಜಿ ತೆರಿಗೆ ಪದ್ಧತಿಯೂ ಇದೆ. ಆದರೆ ಅದನ್ನು ಆರಿಸಿಕೊಂಡವರು ಹೊರರಾಜ್ಯಕ್ಕೆ ಮಾರುವಂತಿಲ್ಲ.

ಅಮೆಜಾನ್, ಫ್ಲಿಪ್‌ಕಾರ್ಟ್‌ನಂತಹ ಕಂಪನಿಗಳ ಮೂಲಕ ಮಾರುವವರಿಗೆ ಮೊದಲು ನೋಂದಣಿ ಎಲ್ಲರಿಗೂ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ಇದು ಸಡಿಲವಾಗಿದೆ. ಅವರು ಪ್ಯಾನ್ ಸಂಖ್ಯೆ ಕೊಟ್ಟು ಜಿ.ಎಸ್.ಟಿ. ಜಾಲತಾಣದಲ್ಲಿ ದಾಖಲಾತಿ ಸಂಖ್ಯೆ ಪಡೆದರೆ ಸಾಕು.

ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಆದರೆ ನೋಂದಣಿಯಾದವರು ಬೆಲ್ಲ ಮಾರದ ತಿಂಗಳುಗಳ ಲೆಕ್ಕವನ್ನೂ ಸಲ್ಲಿಸಬೇಕು. ತಡವಾದರೆ ದಿನಕ್ಕೆ ರೂ. 50, ವ್ಯಾಪಾರವೇ ಇಲ್ಲದಿದ್ದರೆ ರೂ. 20 ದಂಡ ಬೀಳುತ್ತದೆ. ಗಾಣ ನಿಂತ ಮೇಲೆ ಇದನ್ನು ಮರೆಯುವವರೇ ಹೆಚ್ಚು. ನೋಂದಣಿ ಬೇಕಿದ್ದೂ ಮಾಡಿಸದಿದ್ದರೆ ತೆರಿಗೆಯ ಜೊತೆಗೆ ರೂ. 10,000 ಅಥವಾ ತಪ್ಪಿಸಿದ ತೆರಿಗೆಯಷ್ಟು, ಯಾವುದು ಹೆಚ್ಚೋ ಅಷ್ಟು ದಂಡ.

ಹಾವೇರಿಯ ನೋಟೀಸು

ಸಣ್ಣ ವ್ಯಾಪಾರ ಯಾರ ಕಣ್ಣಿಗೂ ಬೀಳದೆಂದು ತಿಳಿಯಬಾರದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಮೂಲಕ ಜಮೆಯಾದ ಹಣವನ್ನು ನೋಡಿ ಸಾವಿರಾರು ವ್ಯಾಪಾರಿಗಳಿಗೆ ನೋಟೀಸು ಕೊಟ್ಟಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ ರೂ. 1.63 ಕೋಟಿ ವಹಿವಾಟಿನ ಮೇಲೆ ರೂ. 29 ಲಕ್ಷದ ಬೇಡಿಕೆ ಬಂದಿತ್ತು. ಹಸಿ ತರಕಾರಿಗೆ ತೆರಿಗೆಯೇ ಇಲ್ಲ. ಗದ್ದಲವೆದ್ದ ಮೇಲೆ, ತರಕಾರಿ, ಹಾಲು, ಹಣ್ಣಿನಂತಹ ವಿನಾಯಿತಿ ಸರಕಿನವರಿಂದ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ತಿಳಿಸಿದರು. ಬ್ಯಾಂಕಿನ ಖಾತೆಯು ಎಷ್ಟು ರೊಕ್ಕ ಬಂತೆಂದು ಹೇಳುತ್ತದೆಯೇ ಹೊರತು ಯಾವ ಸರಕಿಗೆ ಬಂತೆಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದುದು ನಿಮ್ಮ ವಹಿ. ಬೆಲ್ಲದ ರೊಕ್ಕ, ಕೈಸಾಲ, ಎಮ್ಮೆ ಮಾರಿದ ಹಣ ಎಲ್ಲವೂ ಮಗನ ಒಂದೇ ಖಾತೆಗೆ ಬರುವಂತೆ ಮಾಡಬೇಡಿರಿ. ಮಾರಾಟಕ್ಕೆ ಪ್ರತ್ಯೇಕ ಖಾತೆ ತೆರೆಯಿರಿ.

ಆದಾಯ ತೆರಿಗೆಯ ವಿಷಯದಲ್ಲಿ ಒಂದು ಮಾತು. ಕಬ್ಬನ್ನು ಹಾಗೆಯೇ ಕೊಳ್ಳುವ ಕಾರ್ಖಾನೆಗಳಿರುವ ಭಾಗದಲ್ಲಿ, ಕಬ್ಬಿನ ಪೇಟೆ ಧಾರಣೆಯಷ್ಟು ಮಾತ್ರ ಕೃಷಿ ಆದಾಯವೆನಿಸುತ್ತದೆ. ಬೆಲ್ಲ ಮಾಡಿ ಗಳಿಸಿದ ಹೆಚ್ಚಿನ ಲಾಭ ವ್ಯಾಪಾರದ ಆದಾಯ. ಆದುದರಿಂದ ಗಾಣಕ್ಕೆ ಹಾಕಿದ ಕಬ್ಬಿನ ಟನ್ನು ಮತ್ತು ಆ ದಿನದ ದರವನ್ನು ಬರೆದಿಡಿರಿ.

ಗಿರಾಕಿಯ ವಿಳಾಸ

ಪಾರ್ಸೆಲ್‌ಗಳನ್ನು ಸಾಲಾಗಿ ಜೋಡಿಸಿ, ಫೋಟೋ ತೆಗೆದು ವಾಟ್ಸಪ್ ಸ್ಟೇಟಸ್‌ಗೆ ಹಾಕುವುದು ಈಗ ರೂಢಿ. ವ್ಯಾಪಾರ ಬೆಳೆದ ಹೆಮ್ಮೆ ಸಹಜವೇ. ಆದರೆ ಪ್ರತಿ ಡಬ್ಬಿಯ ಮೇಲೂ ಒಬ್ಬರ ಹೆಸರು, ಮನೆ ವಿಳಾಸ, ಫೋನ್ ನಂಬರು ಇರುತ್ತದೆ. ಬೆಲ್ಲಕ್ಕೆಂದು ನಂಬರು ಕೊಟ್ಟ ಹೆಣ್ಣುಮಗಳಿಗೆ ಅಪರಿಚಿತರ ಕರೆ ಬರಲು ಇಂತಹ ಒಂದು ಫೋಟೋ ಸಾಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂತಹ ಮಾಹಿತಿಗೆ ಸಂಬಂಧಿಸಿದ್ದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು; ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಕಾಗದದಲ್ಲಿ ಬರೆದುಕೊಂಡು ನಂತರ ಮೊಬೈಲಿಗೆ ಏರಿಸಿದ ವಿಳಾಸಕ್ಕೂ ಇದು ಅನ್ವಯಿಸುತ್ತದೆ. ಬೆಲ್ಲ ತಲುಪಿಸಲೆಂದು ಗಿರಾಕಿ ತಾನಾಗಿ ಕೊಟ್ಟ ವಿಳಾಸವನ್ನು ಆ ಕೆಲಸಕ್ಕೆ ಬಳಸಬಹುದು. ಅದೇ ನಂಬರನ್ನು ಜಾಹೀರಾತಿನ ಗುಂಪಿಗೆ ಸೇರಿಸಲು, ಅರಿಷಿಣ ಮಾರುವ ಗೆಳೆಯನಿಗೆ ಕೊಡಲು ಆಕೆಯ ಒಪ್ಪಿಗೆ ಬೇಕು. ಒಪ್ಪಿಗೆಯ ಕೋರಿಕೆಯನ್ನು ಕನ್ನಡ, ಮರಾಠಿಯಂತಹ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವನ್ನೂ ಕೊಡಬೇಕು. ಪಟ್ಟಿಯಿರುವ ಮೊಬೈಲು ಕಳೆದುಹೋದರೆ ಗಿರಾಕಿಗಳಿಗೆ ಕೂಡಲೇ ತಿಳಿಸಿ, ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ತಾಸಿನೊಳಗೆ ವಿವರ ಕೊಡಬೇಕು. ಕಾಯ್ದೆಯಲ್ಲಿ ಗರಿಷ್ಠ ದಂಡ ರೂ. 250 ಕೋಟಿ. ಇದನ್ನು ಓದಿ ಗಾಣದವರು ಹೆದರಬೇಕಿಲ್ಲ, ತಪ್ಪಿನ ಗಾತ್ರ ನೋಡಿ ದಂಡ ನಿಗದಿಯಾಗುತ್ತದೆ. ಆದರೆ ಮೊಬೈಲಿಗೆ ಬೀಗದ ಸಂಖ್ಯೆಯನ್ನೂ ಹಾಕದೆ ಅಂಗಳದಲ್ಲಿ ಬಿಡುವುದು ತರವಲ್ಲ.

ಎರಡು ವಹಿ ಏಕೆ?

ತೆರಿಗೆ ಕಾನೂನು ನೋಂದಾಯಿತರಿಗೆ ಲೆಕ್ಕಪತ್ರವನ್ನು, ವಾರ್ಷಿಕ ಲೆಕ್ಕ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಲು ಹೇಳುತ್ತದೆ. ದತ್ತಾಂಶದ ಕಾನೂನು ಕೆಲಸ ಮುಗಿದ ಮೇಲೆ ಅಳಿಸಿರೆನ್ನುತ್ತದೆ. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದವರು ಇಲ್ಲಿ ಪೇಚಿಗೆ ಸಿಲುಕುತ್ತಾರೆ. ಬಿಲ್ಲಿನಲ್ಲಿ ಗಿರಾಕಿಯ ಫೋನ್ ನಂಬರು ಇರಬೇಕೆಂಬ ನಿಯಮವಿಲ್ಲ. ಆದುದರಿಂದ ಮೊದಲ ವಹಿಯಲ್ಲಿ ಬಿಲ್ಲಿನ ಸಂಖ್ಯೆ, ತಾರೀಖು, ಸರಕು, ತೂಕ, ಬೆಲೆ, ತೆರಿಗೆ, ಸರಕು ಹೋದ ರಾಜ್ಯ ಇಷ್ಟನ್ನು ಬರೆಯಿರಿ. ಬಿಡಿ ಬೆಲ್ಲ ಮತ್ತು ಪಾಕೀಟಿಗೆ ಬೇರೆ ಬೇರೆ ಅಂಕಣ ಇರಲಿ. ಎರಡನೆಯ ವಹಿಯಲ್ಲಿ ಅದೇ ಬಿಲ್ಲಿನ ಸಂಖ್ಯೆಯ ಮುಂದೆ ಹೆಸರು, ವಿಳಾಸ, ಫೋನ್ ಇರಲಿ. ಹೊಸ ನಿಯಮಗಳು ಹೇಳುವ ಕನಿಷ್ಠ ಒಂದು ವರ್ಷ ಅದನ್ನು ಇಟ್ಟುಕೊಂಡು, ಮತ್ತೆ ಬೇಡಿಕೆ ಸಲ್ಲಿಸದವರ ಹೆಸರನ್ನು ತೆಗೆದುಹಾಕಿರಿ. ಮುಂದಿನ ಹಂಗಾಮಿಗೆ ಗಾಣ ಹೂಡುವ ಮೊದಲು, ಕೊಪ್ಪರಿಗೆ ತಿಕ್ಕಿ ತೊಳೆಯುವ ದಿನಗಳಲ್ಲಿ ಈ ಕೆಲಸವನ್ನೂ ಮಾಡಿ ಮುಗಿಸಬಹುದು.