ಆಹಾರವು ಪೋಲಾಗುವುದರಿಂದಾಗುವ ಪುಷ್ಟಿಯ ನಷ್ಟ

ಕಣದಲ್ಲಿ ಚೆಲ್ಲಿದ ಕಾಳು ಕಣ್ಣಿಗೆ ಕಾಣುತ್ತದೆ. ಅದನ್ನು ಗುಡಿಸಿ ಕೂಡಿಸಿಕೊಳ್ಳುತ್ತೇವೆ. ಕಾಳಿನೊಳಗಣ ಸತ್ತ್ವವು ಸೋರಿಹೋಗುವುದು ಕಣ್ಣಿಗೂ ಕಾಣುವುದಿಲ್ಲ, ತಕ್ಕಡಿಗೂ ಸಿಕ್ಕುವುದಿಲ್ಲ. ಬೆಳೆಯು ಮನೆ ಸೇರಿದ ಬಳಿಕ ಈ ಸತ್ತ್ವವು ಎಲ್ಲೆಲ್ಲಿ ನಷ್ಟವಾಗುತ್ತದೆಂಬುದನ್ನೂ, ಹೆಚ್ಚು ಖರ್ಚಿಲ್ಲದೆ ಅದನ್ನು ತಡೆಯುವ ಬಗೆಯನ್ನೂ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ತಿಳಿಸುವುದೇ ಈ ಹಸ್ತಪತ್ರಿಕೆಯ ಉದ್ದೇಶವು.

ಇದು ಅಲ್ಪವಾದ ವಿಷಯವಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ೩೫ ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು ೪೮ ಮಂದಿಗೆ ರಕ್ತಹೀನತೆಯಿತ್ತು. ಇದಕ್ಕೆ ಕಾರಣಗಳು ಅನೇಕವಾಗಿವೆ. ಬೆಳೆದವರ ಮನೆಯಲ್ಲಿಯೇ ಪುಷ್ಟಿಯು ಹಾಳಾಗುವುದೂ ಒಂದು ಕಾರಣವಾದರೆ, ಅದನ್ನು ನಿವಾರಿಸುವುದು ನಮ್ಮ ಕೈಯಲ್ಲಿಯೇ ಇದೆ.

೧. ಸಂಗ್ರಹದಲ್ಲಿ ಆಗುವ ನಷ್ಟ

ರಾಗಿಗೆ ಹುಳು ಬೀಳುವುದು ಅಪರೂಪ. ಆದುದರಿಂದಲೇ ಹಿಂದಿನವರು ಅದನ್ನು ಹಗೇವುಗಳಲ್ಲಿ ವರ್ಷಗಟ್ಟಲೆ ಇಟ್ಟು ಕ್ಷಾಮಕಾಲಕ್ಕೆ ಒದಗಿಸಿಕೊಳ್ಳುತ್ತಿದ್ದರು. ತೊಗರಿ, ಹೆಸರು, ಅಲಸಂದೆ ಮೊದಲಾದ ಕಾಳುಗಳು ಹಾಗಲ್ಲ. ಹುಳುವು ಕಾಳಿನ ಮೇಲೆ ತತ್ತಿಯಿಡುತ್ತದೆ. ಮರಿಯು ಕಾಳನ್ನು ಕೊರೆದು ಒಳಗಿನ ತಿರುಳನ್ನು ತಿಂದು, ರೆಕ್ಕೆ ಬಂದ ಮೇಲೆ ದುಂಡನೆಯ ತೂತು ಮಾಡಿ ಹೊರಬೀಳುತ್ತದೆ.

ತೊಗರಿಯ ತೂಕದಲ್ಲಿ ಐದರಲ್ಲೊಂದು ಪಾಲಿನಷ್ಟು ಮೈಕಟ್ಟುವ ಪ್ರೋಟೀನು ಇರುತ್ತದೆ. ೧೦೦ ಕಿಲೋಗ್ರಾಂ ತೊಗರಿಯಲ್ಲಿ ೧೦ ಕಿಲೋಗ್ರಾಂ ಹುಳುವಿನ ಪಾಲಾಯಿತೆಂದು ಎಣಿಸೋಣ. ಹೋದ ಪ್ರೋಟೀನು ೨ ಕಿಲೋಗ್ರಾಂ. ದೊಡ್ಡವರೊಬ್ಬರಿಗೆ ದಿನಕ್ಕೆ ಬೇಕಾಗುವುದು ಸುಮಾರು ೫೫ ಗ್ರಾಂ. ಅಂದರೆ ಒಂದು ಆಳಿನ ತಿಂಗಳಿಗೂ ಮೀರಿದ ಪುಷ್ಟಿಯು ಹುಡಿಯಾಗಿ ಉದುರಿಹೋಯಿತು. ಬೇಳೆ ಕಡಿಮೆಯಾದಾಗ ಸಾರು ತೆಳ್ಳಗಾಗುತ್ತದೆ. ತೆಳ್ಳಗಾದ ಸಾರು ಬಹುತೇಕ ಕಡೆಗೆ ಉಣ್ಣುವ ಹೆಂಗಸಿನ ಪಾಲಿಗೇ ಬರುತ್ತದೆ.

ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟಕ್ಕೆಂದು ಒಡೆಯುವಷ್ಟು ಒಣಗಿಸಿ, ಬಿಸಿಯಾರಿದ ಮೇಲೆ ತುಂಬತಕ್ಕದ್ದು. ಮೂಟೆಗಳನ್ನು ನೆಲಕ್ಕೂ ಗೋಡೆಗೂ ತಗಲದಂತೆ ಹಲಗೆಯ ಮೇಲೆ ಇಡತಕ್ಕದ್ದು. ಮನೆಯ ಖರ್ಚಿನ ಕಾಳಿಗೆ ಕಿಲೋಗ್ರಾಮಿಗೆ ಒಂದು ಚಮಚೆಯಂತೆ ಅಡಿಗೆಯ ಎಣ್ಣೆಯನ್ನು ಸವರಿದರೆ ತತ್ತಿಗಳು ನಾಶವಾಗುತ್ತವೆ. ಬೇಗನೆ ಬೇಳೆ ಮಾಡಿಸಿಡುವುದೂ ಒಳ್ಳೆಯ ಉಪಾಯವೇ. ಒಡೆದ ಬೇಳೆಗೆ ಈ ಹುಳುವಿನ ಕಾಟವು ಕಡಿಮೆ.

೨. ಬೂಷ್ಟು ಹಿಡಿದ ಕಾಳು

ಪೋಲಾಗದಿರಲೆಂದು ಬೂಷ್ಟು ಹಿಡಿದ ಕಡಲೆಕಾಯಿಯನ್ನೂ ಮುಸುಕಿನ ಜೋಳವನ್ನೂ ತಿನ್ನಬಾರದು. ಇವುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವು ಹುಟ್ಟಬಹುದು. ಅದು ಬೇಯಿಸುವುದರಿಂದಲೂ ಹುರಿಯುವುದರಿಂದಲೂ ಪೂರ್ತಿಯಾಗಿ ಹೋಗುವುದಿಲ್ಲ, ಯಕೃತ್ತನ್ನು ಕೆಡಿಸುತ್ತದೆ. ಅಂತಹುದನ್ನು ಹಾಲು ಕರೆಯುವ ದನಗಳಿಗೂ ಹಾಕಬಾರದು. ವಿಷಾಂಶವು ಹಾಲಿಗೂ ಇಳಿಯುತ್ತದೆ. ಇಲ್ಲಿ ನಿಜವಾದ ಮಿತವ್ಯಯವೆಂದರೆ ಕಿತ್ತ ಕಾಯಿಯನ್ನು ತಡಮಾಡದೆ ಒಣಗಿಸುವುದು.

೩. ಗಿರಣಿಯಲ್ಲಿ ಆಗುವ ನಷ್ಟ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ ವೈದ್ಯರು, ಬಿಳಿಯ ಅಕ್ಕಿಯ ಅನ್ನವನ್ನೇ ತಿಂದ ಕೋಳಿಗಳ ಕಾಲು ಬಿದ್ದುಹೋಗುವುದನ್ನೂ, ತೌಡುಳ್ಳ ಅಕ್ಕಿಯನ್ನು ಹಾಕಿದಾಗ ಅವು ಗುಣವಾಗುವುದನ್ನೂ ಕಂಡರು. ಅವರಿಗೆ ೧೯೨೯ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ತೌಡಿನಲ್ಲಿದ್ದ ಆ ವಸ್ತುವೇ ಥಯಮಿನ್ ಎಂಬ ಜೀವಸತ್ತ್ವವು. ಚೆನ್ನಾಗಿ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದರ ಐದರಲ್ಲೊಂದು ಪಾಲಿನಷ್ಟು ಮಾತ್ರ ಉಳಿಯುತ್ತದೆ. ಕುಸುಬಲಕ್ಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುವುದು. ಏಕೆಂದರೆ ಭತ್ತವನ್ನು ಕುದಿಸುವಾಗ ಸತ್ತ್ವವು ಕಾಳಿನ ಒಳಕ್ಕೆ ಇಳಿದಿರುತ್ತದೆ.

ರಾಗಿಯ ವಿಷಯವೂ ಹಾಗೆಯೇ. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಬಿಳಿಯ ಅಕ್ಕಿಯಲ್ಲಿ ಅದು ೧೦ ಮಿಲಿಗ್ರಾಮಿನಷ್ಟೂ ಇಲ್ಲ. ರಾಗಿಯ ಸಿಪ್ಪೆಯಲ್ಲಿ ಈ ಅಂಶವು ಹೆಚ್ಚಾಗಿರುವುದರಿಂದ, ಹಸುಗೂಸಿನ ಸರಿಗೆ ಹೊರತು ಉಳಿದ ಬಳಕೆಗೆ ಹಿಟ್ಟನ್ನು ನವುರಾಗಿ ಸೋಸಿ ತೌಡನ್ನು ಚೆಲ್ಲಬಾರದು.

೪. ಅಡಿಗೆಯಲ್ಲಿ ಆಗುವ ನಷ್ಟ

ಅಕ್ಕಿಯನ್ನು ನಾಲ್ಕಾರು ಬಾರಿ ಉಜ್ಜಿ ತೊಳೆದು, ಅನ್ನದ ಗಂಜಿಯನ್ನು ಬಸಿದು ಕಲಗಚ್ಚಿಗೆ ಸುರಿದರೆ, ನೀರಿನಲ್ಲಿ ಕರಗುವ ಸತ್ತ್ವವು ದನಕ್ಕೆ ಹೋಗುತ್ತದೆ, ಮಗುವಿಗೆ ಹೋಗುವುದಿಲ್ಲ. ಒಂದೆರಡು ಬಾರಿ ತೊಳೆದು, ಹಿಡಿಯುವಷ್ಟೇ ನೀರಿಟ್ಟು ಅನ್ನ ಮಾಡುವುದು ಮೇಲು. ಸೊಪ್ಪನ್ನೂ ಕಾಳನ್ನೂ ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ವಾಡಿಕೆಯು ಶಾಸ್ತ್ರಕ್ಕೂ ಒಪ್ಪುವಂತಹುದು; ಅದನ್ನು ಬಿಡಬಾರದು. ಮೂಲಂಗಿ, ನವಿಲುಕೋಸುಗಳ ಎಳೆಯ ಸೊಪ್ಪನ್ನು ತಿಪ್ಪೆಗೆ ಹಾಕುವುದು ವಾಡಿಕೆಯಾಗಿದೆ. ಮೂಲಂಗಿಯ ಗೆಡ್ಡೆಯಲ್ಲಿ ಇಲ್ಲದ, ಕಣ್ಣಿಗೆ ಹಿತವಾದ ಕೆರೊಟಿನ್ ಎಂಬ ಅಂಶವು ಆ ಸೊಪ್ಪಿನಲ್ಲಿಯೇ ಇದೆ.

೫. ಗ್ರಾಮದ ಮುಖಂಡರಿಗೆ ಸೂಚನೆಗಳು

(೧) ಸುಗ್ಗಿಗೆ ಮೊದಲು ಊರಿಗೆಲ್ಲ ಅನುಕೂಲವಾಗುವ ಗಟ್ಟಿನೆಲದ ಒಣಗಿಸುವ ಕಣವನ್ನು ಸರಿಪಡಿಸಿಡುವುದು. ಅಕಾಲದ ಮಳೆಗೆ ಹೊದಿಕೆಯನ್ನು ಸಿದ್ಧವಾಗಿರಿಸುವುದು.

(೨) ಅಕ್ಕಿಯನ್ನು ಅತಿಯಾಗಿ ಬಿಳಿ ಮಾಡಬೇಡವೆಂದು ಗಿರಣಿಯವರಿಗೆ ಹೇಳಿ ಒಪ್ಪಿಸುವುದು.

(೩) ಮದುವೆ, ಜಾತ್ರೆಗಳ ಊಟದಲ್ಲಿ ಸ್ವಲ್ಪಸ್ವಲ್ಪವಾಗಿ ಬಡಿಸಿ, ಕೇಳಿದವರಿಗೆ ಮತ್ತೆ ಬಡಿಸುವ ಕ್ರಮವನ್ನು ತಮ್ಮ ಮನೆಯಿಂದಲೇ ಪ್ರಾರಂಭಿಸುವುದು. ಎಲೆ ತುಂಬ ಬಡಿಸಿದರೇ ಮರ್ಯಾದೆಯೆಂಬ ಭಾವನೆಯು, ದೊಡ್ಡವರು ಬಿಟ್ಟಹೊರತು ಉಳಿದವರಿಂದ ಬಿಡುವುದಕ್ಕಾಗದು.

ಇಳುವರಿಯನ್ನು ಹೆಚ್ಚಿಸುವುದಕ್ಕೆ ಗೊಬ್ಬರ, ನೀರು, ಮಳೆ ಎಲ್ಲವೂ ಕೂಡಿಬರಬೇಕು. ಬೆಳೆದುದರ ಸತ್ತ್ವವನ್ನು ಉಳಿಸಿಕೊಳ್ಳುವುದಕ್ಕೆ ಮನೆಯವರ ಎಚ್ಚರಿಕೆಯೇ ಬಹುಮಟ್ಟಿಗೆ ಸಾಕು. ಈ ಪತ್ರಿಕೆಯನ್ನು ಓದಿದವರು ಮನೆಯಲ್ಲಿ ಅಡಿಗೆಯನ್ನು ನೋಡಿಕೊಳ್ಳುವವರಿಗೂ ಓದಿ ಹೇಳತಕ್ಕದ್ದು.